ಸೀತನಿ ಕುಣಿಯ ಕೆಂಡ ಆರಿಸುವುದನ್ನು ಕಲಿತದ್ದು

ವಿಜಯಪುರದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ, ಚಳಿಗಾಲದಲ್ಲಿ ಜೋಳದ ತೆನೆ ಹಾಲುಗಾಳು ಕಟ್ಟಿದಾಗ, ಸೀತನಿ, ಅಂದರೆ ಆ ಎಳೆ ತೆನೆ, ಸುಡಲು ನಾನೇ ಒಂದು ಕುಣಿ ತೋಡಿದ್ದೇನೆ. ಅಗಲ ಮೂರು ಅಡಿ, ಆಳ ಒಂದು ಅಡಿ. ಸುತ್ತ ಒಣಗಿದ ಸುಟ್ಟ ಇಟ್ಟಿಗೆ. ನೀರು ಹೀರಿದ ಕಲ್ಲು ಕಾದಾಗ ಒಳಗಿನ ಹಬೆಯಿಂದ ಸಿಡಿಯುತ್ತದೆಯಾದ್ದರಿಂದ ಹಳ್ಳದ ಕಲ್ಲುಗಳನ್ನು ಬಳಸಲಿಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಗ್ನಿ ಸಂಹಿತೆಯು ಇಂತಹ ಬಯಲು ಬೆಂಕಿ ಕಟ್ಟಡದಿಂದ 25 ಅಡಿ ದೂರವಿರಬೇಕೆನ್ನುತ್ತದೆ. ಅಡುಗೆಮನೆಯ ಗೋಡೆಯಿಂದ ನಾನೂ ಅಷ್ಟನ್ನೇ ಅಳೆದೆ.

ಆದರೆ ಮೊದಲ ವರ್ಷ ನಾನು ಎಡವಿದ್ದು ಬೆಂಕಿ ಹಚ್ಚುವುದರಲ್ಲಲ್ಲ, ಆರಿಸುವುದರಲ್ಲಿ. ರಾತ್ರಿ ಕೆಂಡದ ಮೇಲೆ ಮಣ್ಣೆಳೆದು ಮಲಗಿದ್ದೆ. ಬೆಳಿಗ್ಗೆ ತಣ್ಣಗೆ ಕಂಡ ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೆ ತುಂಬಿ ಕಣಕಿ (ಜೋಳದ ಒಣ ದಂಟು) ಬಣವಿಯ ಬದಿಗಿಟ್ಟೆ. ಸ್ವಲ್ಪ ಹೊತ್ತಿಗೆ ಬುಟ್ಟಿಯ ತಳ ಕರಗಿ, ಅಂಗೈಯಗಲದ ತೂತಿನಿಂದ ಬೂದಿ ಸುರಿದು, ಅದರ ನಡುವೆ ಕಡಲೆಯಷ್ಟು ಗಾತ್ರದ ಕೆಂಡಗಳು ಮಿನುಗುತ್ತಿದ್ದವು. ಪಕ್ಕದ ಮನೆಯ ಕಾಕಾ ಓಡಿಬಂದು ನೀರು ಸುರಿದು, “ಬೂದಿ ಆರೇತಿ ಅಂತ ಕಣ್ಣಿಲೆ ನೋಡಿ ಹೇಳಬ್ಯಾಡ ತಮ್ಮಾ, ಕೈ ಹಿಡಿದು ನೋಡು” ಎಂದರು. ಮರುದಿನ ಒಲೆ ಹೊತ್ತಿಸಲೆಂದೇ ನಮ್ಮಜ್ಜಿ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ಅದನ್ನು ಕಣ್ಣಾರೆ ಕಂಡಿದ್ದ ನಾನು, ಮುಚ್ಚಿದರೆ ಕೆಂಡ ಆರುತ್ತದೆಂದು ಹೇಗೆ ನಂಬಿದೆನೋ!

ಈಗ ಕುಣಿಯ ಬಳಿಯಿಂದ ಏಳುವುದಕ್ಕೆ ಅರ್ಧ ತಾಸು ಮೊದಲೇ ಕುಳ್ಳು (ಬೆರಣಿ) ಹಾಕುವುದನ್ನು ನಿಲ್ಲಿಸಿ, ಉದ್ದ ಹಿಡಿಕೆಯ ಸಲಿಕೆಯಿಂದ ಕೆಂಡ ಹರಡಿ, ನೀರು ಚಿಮುಕಿಸಿ, ಕಲಸಿ, ‘ಚುಂಯ್’ ಎನ್ನುವ ಸದ್ದು ನಿಲ್ಲುವವರೆಗೆ ಮತ್ತೆ ಚಿಮುಕಿಸುತ್ತೇನೆ. ಒಮ್ಮೆಲೇ ಕೊಡ ಸುರಿದರೆ ಹಬೆಯೊಂದಿಗೆ ಬಿಸಿ ಬೂದಿ ಮುಖಕ್ಕೆ ಹಾರುತ್ತದೆ. ಕೊನೆಗೆ ಬೂದಿಯ ಮೇಲೆ, ಮುಟ್ಟದಂತೆ, ಅಂಗೈಯ ಹಿಂಬದಿ ಹಿಡಿದು ಶಾಖ ನೋಡುತ್ತೇನೆ.

ಒಣ ಜಾಲಿ ಕಟ್ಟಿಗೆ ಮತ್ತು ಕುಳ್ಳು ಬಿಟ್ಟು ಬೇರೇನನ್ನೂ ಸುಡುವುದಿಲ್ಲ; ಸೀಮೆಎಣ್ಣೆಯನ್ನಂತೂ ಹತ್ತಿರ ತರುವುದಿಲ್ಲ. ಕುಣಿ ಇದೆಯೆಂದು ಮನೆಯ ಕಸವನ್ನು ಅದರಲ್ಲಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿಯೇ ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಗೊತ್ತುಪಡಿಸಿದೆ. ಬೆಂಕಿಯ ವಿಷಯದಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಡಿ ಆರು ತಿಂಗಳವರೆಗೆ ಸಜೆಯೂ ಆಗಬಹುದು. ಗಾಳಿ ಬಿರುಸಾಗಿದ್ದ ಸಂಜೆ ತೆನೆ ತಂದಿಟ್ಟಿದ್ದರೂ ನಾನು ಕುಣಿ ಹೊತ್ತಿಸುವುದಿಲ್ಲ.

ಬೂದಿ ಈಗ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಹಾಸುಗಲ್ಲಿನ ಮೇಲೆ, ಬಣವಿಯಿಂದ ದೂರ ಎರಡು ದಿನ ಇರುತ್ತದೆ. ನಮ್ಮ ಎರೆಮಣ್ಣಿನಲ್ಲಿ ಮೊದಲೇ ಕ್ಷಾರ ಹೆಚ್ಚಿರುವುದರಿಂದ ಅದನ್ನು ನಿಂಬೆಗಿಡಕ್ಕೆ ಹಾಕದೆ, ಪಾತ್ರೆ ತಿಕ್ಕಲು ಬಳಸುತ್ತೇವೆ.