ಯಾವ ಮಗು ಯಾವ ಲೇನ್‌ಗೆ?

ಬೇಸಿಗೆ ಶಿಬಿರ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಈಜು ಕ್ಲಬ್‌ಗಳ ಗೇಟಿನ ಬಳಿ ಪೋಷಕರ ಬಾಯಲ್ಲಿ ಒಂದೇ ಮಾತು: 'ನಮ್ಮವಳನ್ನು ಯಾವ ಬ್ಯಾಚ್‌ಗೆ ಹಾಕಿದ್ದಾರೆ?' ಬೆಂಗಳೂರಿನಲ್ಲಿ ಈ ಪ್ರಶ್ನೆಯ ಕಾವು ತುಸು ಹೆಚ್ಚು. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್, 2024ರಲ್ಲಿ 14ನೇ ವಯಸ್ಸಿಗೇ ಪ್ಯಾರಿಸ್‌ ಒಲಿಂಪಿಕ್ಸ್‌ಗೆ ಹೋದ ಧಿನಿಧಿ ದೇಸಿಂಗು ಅವರನ್ನು ಕಂಡ ಊರು ಇದು. ಮಗು ಕೆಳಗಿನ ಬ್ಯಾಚ್‌ನಲ್ಲಿ ಉಳಿದರೆ ಹಿಂದೆ ಬಿದ್ದಂತೆ ಎಂಬ ಆತಂಕ ಸಹಜ. ಆದರೆ ಬ್ಯಾಚ್ ಎಂದರೆ ಪರೀಕ್ಷೆಯ ರ‍್ಯಾಂಕ್ ಅಲ್ಲ. ಮಗು ಈಗ ಯಾವ ಅಭ್ಯಾಸವನ್ನು ಸ್ಟ್ರೋಕ್, ಅಂದರೆ ಈಜುವಾಗ ಕೈಕಾಲು ಆಡಿಸುವ ರೀತಿ, ಕೆಡಿಸಿಕೊಳ್ಳದೆ ಮಾಡಬಲ್ಲದು ಎಂಬುದಕ್ಕೆ ಸಿಗುವ ಉತ್ತರ ಅದು.

ವಿಂಗಡಣೆ ಏಕೆ ಬೇಕು ಎನ್ನುವುದಕ್ಕೆ ಸಣ್ಣದೊಂದು ಲೆಕ್ಕ ಸಾಕು. 25 ಮೀಟರ್ ಕೊಳದ ಒಂದು ಲೇನ್‌ನಲ್ಲಿ ಆರು ಮಕ್ಕಳು ಐದೈದು ಸೆಕೆಂಡ್ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಹೊರಡುತ್ತಾರೆ; ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬರುತ್ತಾರೆ. ಅವರಲ್ಲಿ ಒಬ್ಬ ಉಳಿದವರಿಗಿಂತ 100 ಮೀಟರ್‌ಗೆ 10 ಸೆಕೆಂಡ್ ನಿಧಾನ ಎನ್ನೋಣ. ಹೋಗಿ ಬರುವ 50 ಮೀಟರ್‌ನಲ್ಲೇ ಹಿಂದಿನವನು ಅವನ ಕಾಲನ್ನು ಮುಟ್ಟಿರುತ್ತಾನೆ. ಅಲ್ಲಿಂದಾಚೆ ಇಬ್ಬರದೂ ಅಭ್ಯಾಸ ಹಾಳು.

ಮೊದಲು ಸ್ಟ್ರೋಕ್, ಆಮೇಲೆ ಗಡಿಯಾರ

ಒಳ್ಳೆಯ ಕೋಚ್ ಮೊದಲ ದಿನ ಸ್ಟಾಪ್‌ವಾಚ್ ಹಿಡಿಯುವುದಿಲ್ಲ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ನಾಲ್ಕನ್ನೂ 25 ಮೀಟರ್‌ನಂತೆ ಈಜಿಸಿ ನೋಡುತ್ತಾರೆ. ಹೆಚ್ಚಾಗಿ ಸಿಕ್ಕಿಬೀಳುವುದು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. ಒಂದು ಕಾಲು ಕಪ್ಪೆಯಂತೆ ಮಡಚಿ ಒದ್ದರೆ ಇನ್ನೊಂದು ಕತ್ತರಿಯಂತೆ ಆಡುತ್ತಿರುತ್ತದೆ. ಗೋಡೆಯನ್ನು ಎರಡೂ ಕೈಗಳಿಂದ ಏಕಕಾಲಕ್ಕೆ ಮುಟ್ಟಬೇಕೆಂಬ ನಿಯಮವೂ ಅನೇಕರಿಗೆ ಗೊತ್ತಿರುವುದಿಲ್ಲ. ಸ್ಪರ್ಧೆಯಲ್ಲಿ ಇವೆರಡಕ್ಕೂ ಅನರ್ಹತೆಯೇ ಗತಿ. ಫ್ರೀಸ್ಟೈಲ್‌ನಲ್ಲಿ ಎಷ್ಟೇ ವೇಗವಿದ್ದರೂ ಇಂಥ ಮಗು ಕಲಿಕೆಯ ಬ್ಯಾಚ್‌ನಲ್ಲಿ ಕೆಲವು ವಾರ ಇರುವುದೇ ಸರಿ.

ಮುಂದಿನದು ವೇಗದ ಅಂದಾಜು. 50 ಮೀಟರ್ ಜಿಗಿದು ಈಜಿಸಿ ಸಮಯ ಬರೆದುಕೊಂಡರೆ ಸಾಲದು. ಎತ್ತರದ, ಗಟ್ಟಿಮುಟ್ಟಾದ ಹುಡುಗ ಅದನ್ನು ತೋಳ್ಬಲದಿಂದಲೇ ದಾಟಿಬಿಡುತ್ತಾನೆ. ಅದಕ್ಕೇ ಅನೇಕ ಕಡೆ 400 ಮೀಟರ್ ಮತ್ತು 200 ಮೀಟರ್ ಎರಡನ್ನೂ ಪೂರ್ಣ ಶಕ್ತಿಯಿಂದ, ನಡುವೆ ಚೆನ್ನಾಗಿ ವಿಶ್ರಾಂತಿ ಕೊಟ್ಟು ಈಜಿಸುತ್ತಾರೆ. 400ಕ್ಕೆ 6 ನಿಮಿಷ 40 ಸೆಕೆಂಡ್, 200ಕ್ಕೆ 3 ನಿಮಿಷ 8 ಸೆಕೆಂಡ್ ಬಂತೆನ್ನಿ. ವ್ಯತ್ಯಾಸ 212 ಸೆಕೆಂಡ್. ಅದರ ಅರ್ಧ, ಅಂದರೆ 1 ನಿಮಿಷ 46 ಸೆಕೆಂಡ್, ಆ ಮಗು ದಣಿದು ಕುಸಿಯದೆ ಕಾಯ್ದುಕೊಳ್ಳಬಲ್ಲ 100 ಮೀಟರ್ ವೇಗದ ಅಂದಾಜು. ಎರಡು ನಿಮಿಷಕ್ಕೊಮ್ಮೆ 100 ಮೀಟರ್‌ಗೆ ಹೊರಡುವ ಬ್ಯಾಚ್‌ನಲ್ಲಿ ಆ ಮಗುವಿಗೆ ಪ್ರತಿ ಬಾರಿಯೂ 14 ಸೆಕೆಂಡ್ ಉಸಿರಾಡಲು ಸಿಗುತ್ತದೆ. ಒಂದು ಮುಕ್ಕಾಲು ನಿಮಿಷದ ಬ್ಯಾಚ್‌ಗೆ ಹಾಕಿದರೆ ಗೋಡೆ ಮುಟ್ಟುವ ಮೊದಲೇ ಮತ್ತೆ ಹೊರಡುವ ಹೊತ್ತಾಗಿರುತ್ತದೆ.

ಗೋಡೆಯ ಬಳಿ ನಿಂತು ಎಣಿಸಿ

ನನ್ನ ಪ್ರಕಾರ ನಿರ್ಧಾರವಾಗಬೇಕಾದದ್ದು ಮೂರನೆಯ ಹಂತದಲ್ಲಿ. 100 ಮೀಟರ್, ಎಂಟು ಸಲ, ಎರಡು ನಿಮಿಷಕ್ಕೊಂದರಂತೆ. ಕೊಳದ ಅಂಚಿನಲ್ಲಿ ಕುಳಿತು ಸಮಯದ ಜೊತೆಗೆ 25 ಮೀಟರ್‌ಗೆ ಮಗು ಎಷ್ಟು ಸಲ ಕೈ ಬೀಸುತ್ತದೆ ಎಂದು ಎಣಿಸಬೇಕು. ಹತ್ತು ವರ್ಷದ ಒಬ್ಬ ಹುಡುಗಿಯ ಲೆಕ್ಕವನ್ನು ನಾನೇ ಬರೆದುಕೊಂಡಿದ್ದೆ. ಮೊದಲ ಮೂರು ಸುತ್ತಿನಲ್ಲಿ 22, ಐದನೆಯದರಲ್ಲಿ 25, ಏಳನೆಯದರಲ್ಲಿ 29. ಸಮಯ ಮಾತ್ರ ಎರಡು ಸೆಕೆಂಡ್ ಕೂಡ ಹೆಚ್ಚಾಗಿರಲಿಲ್ಲ. ಗಡಿಯಾರ ಅವಳನ್ನು ಪಾಸು ಮಾಡಿತ್ತು. ಆದರೆ ಮೊಣಕೈ ನೀರಿಗೆ ಜಾರಿ, ಅಂಗೈ ನೀರನ್ನು ಹಿಡಿಯದೆ ಸುಮ್ಮನೆ ಸವರುತ್ತಿತ್ತು. ವಾರಕ್ಕೆ ಆರು ದಿನ ಹೀಗೆ ಈಜಿದರೆ ಆ ಕೈಬೀಸೇ ರೂಢಿಯಾಗಿಬಿಡುತ್ತದೆ. ಕಲಿಸಲು ಮೂರು ತಿಂಗಳು ಸಾಕಾದದ್ದನ್ನು ಬಿಡಿಸಲು ಮೂರು ವರ್ಷ ಹಿಡಿಯುವುದನ್ನು ಕಂಡು ನನಗೆ ಸಂಕಟವಾಗಿದೆ. ಎಂಟೂ ಸುತ್ತು ಸಮಯಕ್ಕೆ ಬಂದು, ಎಣಿಕೆ ಒಂದೆರಡಕ್ಕಿಂತ ಹೆಚ್ಚು ಏರದಿದ್ದರೆ ಮಾತ್ರ ಆ ಬ್ಯಾಚ್ ಮಗುವಿನದು.

ವಯಸ್ಸಿನ ವಿಷಯದಲ್ಲಿ ಗೊಂದಲ ಬೇಡ. ಸ್ಪರ್ಧೆಯ ವಯೋಗುಂಪು ಜನ್ಮದಿನಾಂಕ ನೋಡಿ ಆಗುವಂಥದ್ದು; ಅಭ್ಯಾಸದ ಬ್ಯಾಚ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ಹಾಗೆಂದು ಒಂಬತ್ತರ ಮಗುವನ್ನು ಹದಿನೈದರವರ ನಡುವೆ ಬಿಡುವುದೂ ತಪ್ಪು. ಅಲ್ಲಿ ಅದಕ್ಕೆ ಮಾತನಾಡಲು ಯಾರೂ ಇರುವುದಿಲ್ಲ. ಹುಡುಗಿಯರು ಸುಮಾರು 12ರಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ. ಕೈಕಾಲು ಉದ್ದವಾಗಿ ಸ್ಟ್ರೋಕ್‌ನ ಲಯ ಕೆಲವು ತಿಂಗಳು ತಪ್ಪಬಹುದು, ಟೈಮಿಂಗ್ ನಿಂತುಬಿಡಬಹುದು. ಆ ಹೊತ್ತಿನಲ್ಲಿ ಬ್ಯಾಚ್ ಇಳಿಸುವುದು ಕ್ರೌರ್ಯ. ಇದ್ದಲ್ಲೇ ಇರಿಸಿ ದೂರವನ್ನು ಕಡಿಮೆ ಮಾಡಿದರಾಯಿತು.

ಹಾಜರಿಯನ್ನೂ ನೋಡುತ್ತಾರೆ, ನೋಡಬೇಕು. ವಾರಕ್ಕೆ ಮೂರು ದಿನ ಬರುವ ಮಗುವಿಗೆ ಆರು ದಿನದ ಬ್ಯಾಚ್ ಹೊರೆಯಾಗುತ್ತದೆ. ಇನ್ನು ಲೇನ್‌ನಲ್ಲಿ ಜಾಗವೇ ಇಲ್ಲದಿದ್ದರೆ ಕೋಚ್ ಅದನ್ನು ನೇರವಾಗಿ ಹೇಳಲಿ. ಮಗುವಿನಲ್ಲಿ ಇಲ್ಲದ ಕೊರತೆಯನ್ನು ಹುಡುಕಬಾರದು.

ಮೇಲಕ್ಕೆ ಕಳುಹಿಸುವಾಗ

ಒಮ್ಮೆಗೇ ಎತ್ತಿ ಹಾಕುವುದಕ್ಕಿಂತ ಎರಡು ವಾರ ಎರಡೂ ಕಡೆ ಈಜಿಸುವುದು ಮೇಲು: ನಾಲ್ಕು ದಿನ ಹಳೆಯ ಬ್ಯಾಚ್, ಎರಡು ದಿನ ಹೊಸದು. ಸಾಧ್ಯವಾದರೆ ಗೆಳೆಯನೊಬ್ಬನ ಜೊತೆ ಕಳುಹಿಸಬೇಕು. ಹೊಸ ಲೇನ್‌ನಲ್ಲಿ ಎಲ್ಲರಿಗಿಂತ ಕೊನೆಗೆ ಹೊರಡುವ ಜಾಗ ಕೊಟ್ಟರೆ ಬೆನ್ನಟ್ಟುವವರ ಭಯವಿರುವುದಿಲ್ಲ. ಶಾಲೆಯ ಪರೀಕ್ಷೆಯ ವಾರಗಳಲ್ಲಿ ಮಾತ್ರ ಈ ಬದಲಾವಣೆ ಬೇಡ.

ಪೋಷಕರು ಕೋಚ್ ಬಳಿ 'ಅವನು ಹೋದ, ನಮ್ಮವಳು ಏಕೆ ಹೋಗಲಿಲ್ಲ' ಎಂದು ಕೇಳಿದರೆ ಸಿಗುವುದು ಸಮಜಾಯಿಷಿ. 'ಇನ್ನೇನು ಬರಬೇಕು' ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದುಕೊಡಲು ಹೇಳಿ. ನಾನು ಕೈಬೀಸು ಎಣಿಸಿದ್ದ ಆ ಹತ್ತು ವರ್ಷದ ಹುಡುಗಿಗೆ ಸಿಕ್ಕ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಎಂಟು ಸಲ 100, ಎರಡು ನಿಮಿಷ, ಕೈಬೀಸು 24 ದಾಟಬಾರದು. ಅದನ್ನು ಅವಳು ಈಜು ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಳು. ದಸರಾ ರಜೆ ಮುಗಿಯುವ ವೇಳೆಗೆ ಎಂಟನೆಯ ಸುತ್ತನ್ನು 23ಕ್ಕೆ ಮುಗಿಸಿ, ಕನ್ನಡಕ ಮೇಲೆತ್ತಿ, ನಾನೆಷ್ಟು ಎಣಿಸಿದೆ ಎಂದು ಕೇಳಿದಳು.