ಬೋರ್ಡಿನ ಮೇಲಿನ 91, ರಿಜಿಸ್ಟರಿನೊಳಗಿನ 118

2019ರ ಜುಲೈ. ಯಾದಗಿರಿಯಲ್ಲಿ ಬಸ್ ತಪ್ಪಿತು, ಟಂಟಂ ಆಟೊ ಹತ್ತಿದೆ. ಇಳಿದು ದುಡ್ಡು ಕೊಡಲು ಹೋದರೆ ಓಡಿಸುತ್ತಿದ್ದ ಹುಡುಗ ತೊಗೊಳ್ಳಲಿಲ್ಲ. "ಬ್ಯಾಡ್ರಿ ಸರ್, ನಾ ನಿಮ್ಮ ಬಿ.ಕಾಂ. ಹುಡುಗ" ಎಂದ. ಎರಡನೇ ಸೆಮಿಸ್ಟರ್ ಆದಮೇಲೆ ಕಾಲೇಜು ಬಿಟ್ಟಿದ್ದನಂತೆ. ಮುಖ ನೆನಪಿತ್ತು. ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

ಹತ್ತು ನಿಮಿಷದಲ್ಲಿ ನಾನು ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದೆ. "ಬಿ.ಕಾಂ. ಅಂತಿಮ ವರ್ಷದ ಫಲಿತಾಂಶ ಶೇ 91" ಎಂದು ದೊಡ್ಡದಾಗಿ ಬರೆದಿತ್ತು. ಅದು ಆ ಹುಡುಗ ಇರಬೇಕಾಗಿದ್ದ ಬ್ಯಾಚೇ. ಅವನು ಪಾಸಾದ 91ರಲ್ಲೂ ಇಲ್ಲ, ಫೇಲಾದ 9ರಲ್ಲೂ ಇಲ್ಲ. ಹಾಗಾದರೆ ಅವನು ಯಾವ ಲೆಕ್ಕದಲ್ಲಿದ್ದಾನೆ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಕಾಲೇಜಿನ ಮೌಲ್ಯಮಾಪನ ಮಾಡೋದನ್ನು ಕಲಿತದ್ದು.

ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯ ಉಪನ್ಯಾಸಕ. ಆ ವರ್ಷ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಘಟಕ) ಜವಾಬ್ದಾರಿ ನನಗೆ ಬಂದಿತ್ತು, ಅಂದರೆ ನ್ಯಾಕ್‌ಗೆ ಬೇಕಾದ ಮಾಹಿತಿಯನ್ನೆಲ್ಲ ಜೋಡಿಸುವ ಕೆಲಸ. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ, 1994ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ, ಕಚೇರಿ ಬೆಂಗಳೂರಿನಲ್ಲಿದೆ. ಆಗ ಏಳು ಮಾನದಂಡಗಳ ಮೇಲೆ ಕಾಲೇಜನ್ನು ಅಳೆಯುತ್ತಿತ್ತು. ವಿಶ್ವವಿದ್ಯಾಲಯವೊಂದರ ಅಡಿಯಲ್ಲಿರುವ ನಮ್ಮಂಥ ಸಂಯೋಜಿತ ಕಾಲೇಜುಗಳಿಗೆ ಒಟ್ಟು 1000 ಅಂಕ ಇತ್ತು, ಅದರಲ್ಲಿ ಬೋಧನೆ ಮತ್ತು ಕಲಿಕೆಗೇ 350. ಅಷ್ಟು ತೂಕ ಕೊಟ್ಟಿದ್ದು ಸರಿಯೇ. ಆದರೆ ಅಲ್ಲಿ ಕೇಳುತ್ತಿದ್ದ ಪಾಸಿನ ಪ್ರಮಾಣ ಇಷ್ಟೇ: ಅಂತಿಮ ವರ್ಷದ ಪರೀಕ್ಷೆಗೆ ಕೂತವರಲ್ಲಿ ಎಷ್ಟು ಜನ ಪಾಸಾದರು? ಪರೀಕ್ಷೆಯವರೆಗೆ ಬರದೇ ಹೋದವರನ್ನು ಆ ಲೆಕ್ಕ ಕೇಳುತ್ತಿರಲಿಲ್ಲ.

ನಾನು ತಿರುಗಿಸಿ ಲೆಕ್ಕ ಹಾಕಲು ಕೂತೆ. ಬೇಕಾದದ್ದು ಮೂರೇ ಕಾಗದ: 2016ರ ಪ್ರವೇಶ ರಿಜಿಸ್ಟರ್, ಪ್ರತಿ ಸೆಮಿಸ್ಟರಿಗೆ ಪರೀಕ್ಷಾ ಶುಲ್ಕ ಕಟ್ಟಿದವರ ಪಟ್ಟಿ, ವಿಶ್ವವಿದ್ಯಾಲಯದ ರಿಸಲ್ಟ್ ಶೀಟ್. ಆಗ ನಾವು ಗುಲ್ಬರ್ಗಾ ವಿಶ್ವವಿದ್ಯಾಲಯದಡಿ ಇದ್ದೆವು. ಹೆಸರು ಹಿಡಿದು ಹೊಂದಿಸಲು ಹೋಗಿ ಎರಡು ಸಂಜೆ ಹಾಳಾದವು. ಒಂದೇ ಹೆಸರಿನ ನಾಲ್ಕು ಹುಡುಗರು, ಒಂದು ಕಡೆ ಅಡ್ಡಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಕೊನೆಗೆ ರಿಜಿಸ್ಟರ್ ನಂಬರ್ ಹಿಡಿದೆ, ಎಲ್ಲ ಸರಿಹೋಯಿತು. ಇದನ್ನು ಮಾಡಬೇಕು ಅನ್ನುವವರು ಮೊದಲ ದಿನದಿಂದಲೇ ನಂಬರ್ ಹಿಡಿಯಿರಿ.

ಮೊದಲ ಸೆಮಿಸ್ಟರಿಗೆ ಸೇರಿದವರು 118. ಆರನೇ ಸೆಮಿಸ್ಟರ್ ಪರೀಕ್ಷೆ ಬರೆದವರು 64. ಪಾಸಾದವರು 58. ಕೂತವರಲ್ಲಿ ಲೆಕ್ಕ ಹಾಕಿದರೆ ಶೇ 91, ಸೇರಿದವರಲ್ಲಿ ಹಾಕಿದರೆ ಶೇ 49. ಎರಡೂ ನಿಜವಾದ ಅಂಕಿಯೇ. ಒಂದನ್ನು ಮಾತ್ರ ನಾವು ಬೋರ್ಡಿಗೆ ಹಾಕಿದ್ದೆವು.

ಕಾಣದಾದ 54 ಜನರಲ್ಲಿ 11 ಜನ ಟಿಸಿ ಒಯ್ದಿದ್ದರು. ನರ್ಸಿಂಗ್, ಐಟಿಐ, ಬೇರೆ ಕಾಲೇಜು, ಹೀಗೆ. ಅವರು ಓದು ಬಿಟ್ಟಿಲ್ಲ, ಅವರನ್ನು ಸೋತವರ ಜೊತೆ ಸೇರಿಸಬಾರದು. ಉಳಿದ 43 ಮನೆಗಳಿಗೆ ಫೋನ್ ಮಾಡಿದೆ. ಫಾರ್ಮಿನಲ್ಲಿದ್ದದ್ದು ಬಹುಪಾಲು ಅಪ್ಪಂದಿರ ನಂಬರ್, ಎಷ್ಟೋ ಬಂದಾಗಿದ್ದವು. ಅಂತೂ 29 ಮನೆಯವರು ಸಿಕ್ಕರು. 13 ಮನೆಯವರು ದುಡಿಮೆ ಎಂದರು. ಹತ್ತಿ ಬಿಡಿಸೋದು, ತೊಗರಿ ರಾಶಿ, ಬೆಂಗಳೂರಿಗೋ ಪುಣೆಗೋ ಗುಳೆ. 8 ಹುಡುಗಿಯರಿಗೆ ಮದುವೆಯಾಗಿತ್ತು. 5 ಜನ ವಿಷಯಗಳು ಬಾಕಿ ಉಳಿದು ಬೇಸತ್ತಿದ್ದರು. ಮೂವರಿಗೆ ಬಸ್ಸಿನ ತೊಂದರೆ.

ಒಬ್ಬ ತಂದೆಯ ಮಾತು ಈಗಲೂ ಕಿವಿಯಲ್ಲಿದೆ. "ಲಗ್ನ ಮಾಡಬೇಕಂತ ಬಿಡಿಸಿಲ್ರಿ ಸರ್. ನಾಕು ಸಬ್ಜೆಕ್ಟ್ ಹೋದ್ವು, ಮನ್ಯಾಗ ಕುಂತಳು. ಕುಂತ ಮ್ಯಾಲ ಲಗ್ನ ಮಾಡಿದೆವ್ರಿ." ನಾನು ಮದುವೆ ಎಂಬ ಕಾಲಮ್ಮಿನಲ್ಲಿ ಬರೆದದ್ದನ್ನು ಅಲ್ಲೇ ನಿಲ್ಲಿಸಿದೆ. ಮತ್ತೆ ರಿಸಲ್ಟ್ ಶೀಟ್ ತೆಗೆದೆ. ಆ 43 ಜನರಲ್ಲಿ 31 ಜನರಿಗೆ ಮೊದಲ ಸೆಮಿಸ್ಟರಿನಲ್ಲೇ ಮೂರು ಅಥವಾ ಅದಕ್ಕಿಂತ ಜಾಸ್ತಿ ವಿಷಯ ಹೋಗಿತ್ತು. ಮನೆಯವರು ಹೇಳಿದ ಕಾರಣ ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ಆ ಮಗು ನಮ್ಮ ತರಗತಿಯಲ್ಲೇ ಸೋತಿತ್ತು. ಪಿಯುಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ನಾನೇ ಇಂಗ್ಲಿಷ್ ಪುಸ್ತಕ ಹಿಡಿದು ಅಕೌಂಟೆನ್ಸಿ ಹೇಳಿದ್ದೆ. ಅದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಎಲ್ಲರೂ ಕೇಳುವ ಮಾತೊಂದಿದೆ: "ನಮ್ಮ ಕಡೆ ಮಕ್ಕಳೇ ಹಂಗ, ಬೆಂಗಳೂರಿನ ಕಾಲೇಜಿಗೆ ಹೋಲಿಸಿದರೆ ಹೆಂಗ?" ಅರ್ಧ ಸರಿ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಇಡೀ ರಾಜ್ಯದಲ್ಲೇ ಕಡಿಮೆ. ರಾಜ್ಯದ ಪ್ರಾದೇಶಿಕ ಅಸಮಾನತೆ ನೋಡಲು ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕ ಇಟ್ಟು ತಾಲ್ಲೂಕುಗಳನ್ನು ಅಳೆದಾಗ, 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಗುವನ್ನೂ, ಅಪ್ಪ ಅಮ್ಮ ಇಬ್ಬರೂ ಡಿಗ್ರಿ ಮಾಡಿದ ಮಗುವನ್ನೂ ಒಂದೇ ಕೋಲಿನಿಂದ ಅಳೆದು ಕಾಲೇಜಿಗೆ ರ‍್ಯಾಂಕ್ ಕೊಡುವುದು ಅನ್ಯಾಯ. ರಾಜ್ಯದ ಸರ್ಕಾರಿ ಕಾಲೇಜುಗಳನ್ನು ಹೋಲಿಸುವಾಗ ಮಕ್ಕಳು ಎಲ್ಲಿಂದ ಶುರು ಮಾಡಿದರು ಅನ್ನೋದು ಪಕ್ಕದಲ್ಲೇ ಇರಬೇಕು. ಅದಕ್ಕೇ ನಾನು ಪ್ರತಿ ಹೆಸರಿನ ಮುಂದೆ ಪಿಯುಸಿ ಅಂಕವನ್ನೂ ಬರೆದುಕೊಂಡೆ.

ಇನ್ನರ್ಧ ಮಾತ್ರ ನೆಪ. ಯಾಕಂದರೆ ನಮ್ಮದೇ ಕಾಲೇಜಿನ ಬಿ.ಎ. ವಿಭಾಗಕ್ಕೂ ಅವೇ ಹಳ್ಳಿಗಳಿಂದ, ಅಷ್ಟೇ ಅಂಕದ ಮಕ್ಕಳು ಬರುತ್ತಿದ್ದರು. ಅಲ್ಲಿ ಕೊನೆಯವರೆಗೆ ಉಳಿದವರು ನಮಗಿಂತ ಜಾಸ್ತಿ. ಅಲ್ಲಿ ಪಾಠ ಕನ್ನಡದಲ್ಲಿ. ಪಿಯುಸಿಯಲ್ಲಿ ಶೇ 50ಕ್ಕಿಂತ ಕಡಿಮೆ ಇದ್ದರೂ ಮೊದಲ ಸೆಮಿಸ್ಟರಿನಲ್ಲಿ ತಪ್ಪದೇ ಬಂದ ಮಕ್ಕಳು ನಮ್ಮಲ್ಲೂ ಪಾಸಾಗಿಯೇ ಹೋಗಿದ್ದರು.

ಮಾಡಿದ ಬದಲಾವಣೆ ದೊಡ್ಡದೇನಲ್ಲ. ಮೊದಲ ಎರಡು ತಿಂಗಳು ಅಕೌಂಟೆನ್ಸಿಯನ್ನು ಕನ್ನಡದಲ್ಲಿ ಹೇಳಿ, ಇಂಗ್ಲಿಷ್ ಪದಗಳನ್ನು ಬೋರ್ಡಿನ ಬಲಗಡೆ ಬರೆಯುತ್ತಾ ಬಂದೆವು. ಕಂಪ್ಯೂಟರ್ ಲ್ಯಾಬ್ ಮಧ್ಯಾಹ್ನ 3ರಿಂದ 5ಕ್ಕಿತ್ತು. ದೂರದ ಹಳ್ಳಿಗಳಿಗೆ ಕೊನೆಯ ಬಸ್ 4ಕ್ಕೆ. ಹುಡುಗಿಯರು ಮೂರೂವರೆಗೇ ಬ್ಯಾಗ್ ಹಾಕಿಕೊಂಡು ಬಾಗಿಲು ನೋಡುತ್ತಿದ್ದರು. ನಾವು ಇಷ್ಟು ವರ್ಷ ಅವರನ್ನು ಗೈರು ಹಾಕುತ್ತಿದ್ದೆವು. ಲ್ಯಾಬನ್ನು ಬೆಳಿಗ್ಗೆಗೆ ತಂದೆವು. ಮುಂದೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ ಪುಕ್ಕಟೆ ಆಯಿತು, ಆದರೆ ಆ ಬಸ್ಸಿನ ಹೊತ್ತು ಮಾತ್ರ ಹಾಗೇ ಇದೆ. ವೇಳಾಪಟ್ಟಿ ಬದಲಿಸಿದ್ದು ಅದಕ್ಕೂ ಉಪಯೋಗಕ್ಕೆ ಬಂತು. ಇನ್ನೊಂದು, ಹತ್ತಿ ಬಿಡಿಸುವ ಕೆಲಸ ಶುರುವಾಗುವ ಮೊದಲೇ, ಅಂದರೆ ಮಕ್ಕಳು ಗೈರಾಗುವ ಮೊದಲೇ, ಮನೆಗೆ ಫೋನ್ ಮಾಡುತ್ತೇವೆ. ಆಮೇಲೆ ಮಾಡಿದರೆ ಹೊಲದಲ್ಲಿ ಯಾರೂ ಎತ್ತುವುದಿಲ್ಲ.

ಕೋವಿಡ್ ವರ್ಷಗಳ ಅಂಕಿಗಳನ್ನು ನಾನು ಹೋಲಿಕೆಗೆ ತರುವುದಿಲ್ಲ. 2022ರಲ್ಲಿ ಸೇರಿದ ಬ್ಯಾಚ್ 2025ರಲ್ಲಿ ಹೊರಬಂತು. ಸೇರಿದವರು 109. ಆರನೇ ಸೆಮಿಸ್ಟರ್ ಬರೆದವರು 71. ಪಾಸಾದವರು 60. ಸೇರಿದವರ ಲೆಕ್ಕದಲ್ಲಿ ಶೇ 49 ಇದ್ದದ್ದು ಶೇ 55 ಆಯಿತು. ಆದರೆ ಕೂತವರ ಲೆಕ್ಕದಲ್ಲಿ ಶೇ 91 ಇದ್ದದ್ದು ಶೇ 85ಕ್ಕೆ ಇಳಿಯಿತು!

ಪ್ರಾಂಶುಪಾಲರು ಕರೆದು "ರಿಸಲ್ಟ್ ಯಾಕ್ರಿ ಕಡಿಮೆ ಆಯ್ತು?" ಎಂದರು. ಅವರು ಹೊಸಬರು, ಕೇಳಿದ್ದರಲ್ಲಿ ತಪ್ಪಿಲ್ಲ. ಎರಡೂ ಬ್ಯಾಚಿನ ಹಾಳೆ ಅಕ್ಕಪಕ್ಕ ಇಟ್ಟೆ. ಮೊದಲು ಎರಡನೇ ಸೆಮಿಸ್ಟರಿಗೇ ಬಿಟ್ಟು ಹೋಗುತ್ತಿದ್ದ ಮಕ್ಕಳು ಈಗ ಕೊನೆಯ ಪರೀಕ್ಷೆಯವರೆಗೆ ಬಂದಿದ್ದಾರೆ, ಅವರಲ್ಲಿ ಕೆಲವರಿಗೆ ಒಂದೆರಡು ವಿಷಯ ಉಳಿದಿದೆ, ಮುಂದಿನ ಸಲ ಬರೆದು ಮುಗಿಸುತ್ತಾರೆ ಎಂದು ಬೆರಳಿಟ್ಟು ತೋರಿಸಿದೆ. ಅವರು ತುಂಬಾ ಹೊತ್ತು ಹಾಳೆ ನೋಡಿದರು. ಶೇಕಡಾವಾರು ಅಂಕಿಯೊಂದನ್ನೇ ಕೇಳುವ ಮೇಲಿನವರಿಗೆ ಇದನ್ನು ಹೇಗೆ ತಿಳಿಸೋದು ಅನ್ನೋದು ಅವರ ಚಿಂತೆಯಾಗಿತ್ತು, ನನಗೆ ಅರ್ಥವಾಗುತ್ತದೆ. ಸುಮ್ನೆ ಪಾಸಿನ ಪ್ರಮಾಣ ಏರಿಸಬೇಕು ಅಂದರೆ, ಸೋಲುವ ಮಕ್ಕಳು ಬೇಗ ಬಿಟ್ಟು ಹೋದರೆ ಸಾಕು ಅಲ್ವಾ? ಅಂಥ ಅಳತೆಯನ್ನು ಒಂದೇ ಅಳತೆ ಮಾಡಬಾರದು ಎಂದು ಅವರಿಗೂ ಹೇಳಿದೆ.

ಈಗ ಬೋರ್ಡಿನ ಮೇಲೆ ಮೂರೂ ಅಂಕಿ ಇವೆ: ಸೇರಿದವರು, ಪರೀಕ್ಷೆ ಬರೆದವರು, ಪಾಸಾದವರು. ಮೊನ್ನೆ ಮಗಳ ಅಡ್ಮಿಷನ್‌ಗೆ ಬಂದಿದ್ದ ತಾಯಿಯೊಬ್ಬರು ಮಗಳಿಂದ ಅದನ್ನು ಓದಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಉಳದ ಹುಡುಗ್ರು ಎಲ್ಲಿ ಹ್ವಾದ್ರಿ ಸರ್?" ಎಂದರು. ಒಳಗೆ ಕರೆದು ಕೂರಿಸಿ, 109ರಲ್ಲಿ ಪಾಸಾದ 60 ಬಿಟ್ಟು ಉಳಿದ ಆ 49 ಹೆಸರಿನ ಪಟ್ಟಿ ತೆಗೆದು, ಒಂದೊಂದಾಗಿ ಹೇಳಿದೆ.