ಬ್ರೇಡಿಗೆ ಲೀಡರ್ ಕಟ್ಟುವುದು: ಗಂಟು ಜಾರಿದ ಮೇಲೆ ಕಲಿತದ್ದು

ಕಡಲ ದಂಡೆಯಲ್ಲಿ ನಿಂತು ಗಾಳ ಹಾಕಲು ಬ್ರೇಡ್ ದಾರ ತಂದ ಮೊದಲ ವಾರವೇ ಮೂರು ಸೀಸದ ಗುಂಡು ಕಳೆದುಕೊಂಡೆ. ರಾಡ್ ಬೀಸಿದ ಕೂಡಲೇ 'ಟಪ್' ಅಂತ ಸದ್ದು. ಗುಂಡು ಎಲ್ಲೋ ಹೋಯಿತು, ದಾರ ನನ್ನ ಕಾಲ ಬುಡದಲ್ಲೇ ಬಿತ್ತು. ದಾರ ಕಳಪೆ ಅಂತ ಬೈದುಕೊಂಡೆ. ಆಮೇಲೆ ತುದಿ ನೋಡಿದರೆ ಒಂದು ಎಳೆಯೂ ಹರಿದಿರಲಿಲ್ಲ. ನಾನು ಕತ್ತರಿಸಿದ ಹಾಗೇ ನೀಟಾಗಿತ್ತು. ಹರಿದದ್ದಲ್ಲ, ಗಂಟಿನಿಂದ ಜಾರಿ ಬಂದದ್ದು!

ತಪ್ಪು ನನ್ನದೇ. ಮಾನೋ ದಾರಕ್ಕೆ, ಅಂದರೆ ಒಂದೇ ಎಳೆಯ ಪ್ಲಾಸ್ಟಿಕ್ ದಾರಕ್ಕೆ, ಕಟ್ಟುತ್ತಿದ್ದ ಗಂಟನ್ನೇ ಇದಕ್ಕೂ ಹಾಕಿದ್ದೆ. ಬ್ರೇಡ್ ಪಾಲಿಎಥಿಲೀನ್ ಎಳೆಗಳಿಂದ ಹೆಣೆದ ದಾರ. ತುಂಬಾ ನುಣುಪು, ಜಗ್ಗುವುದೇ ಇಲ್ಲ. ಬೀಸುವಾಗಿನ ಪೆಟ್ಟು ಪೂರಾ ಗಂಟಿನ ಮೇಲೇ ಬೀಳುತ್ತದೆ. ಅದಕ್ಕೇ ಮುಂದೆ ದಪ್ಪ ಮಾನೋ ಲೀಡರ್ ಬೇಕು, ಅಂದರೆ ಬ್ರೇಡಿನ ತುದಿಗೆ ಕಟ್ಟುವ ಮಾನೋ ದಾರದ ತುಂಡು. ಮರಳು, ಕಲ್ಲಿಗೆ ಉಜ್ಜಿದರೂ ಅದು ತಡೆಯುತ್ತದೆ. ಗುಂಡಿನ ತೂಕದ ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಂಗೆ, ಲೀಡರಿಗೆ 10 ಪೌಂಡ್ ತಡೆಯುವ ಬಲ ಇರಬೇಕು ಅನ್ನುವುದು ಹಳೆಯ ಲೆಕ್ಕ. 4 ಔನ್ಸ್ ಗುಂಡಿಗೆ 40 ಪೌಂಡ್ ಲೀಡರ್. ಇದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಬಿಚ್ಚಿ ಹಾರುವ ಸೀಸ ಯಾರ ತಲೆಗೆ ಬಡಿದರೂ ಕಷ್ಟ ಅಲ್ವಾ?

ಉದ್ದ ಎಷ್ಟು? ಬೀಸಲು ಗುಂಡು ಇಳಿಬಿಟ್ಟಾಗ ರೀಲಿನಲ್ಲಿ ದಾರ ಸುತ್ತುವ ಸ್ಪೂಲ್ ಮೇಲೆ ಇನ್ನೂ ಆರೇಳು ಸುತ್ತು ಲೀಡರ್ ಉಳಿದಿರಬೇಕು. ಹಾಗಾಗಿ ಬ್ರೇಡಿಗೂ ಲೀಡರಿಗೂ ನಡುವಿನ ಗಂಟು ರಾಡಿನ ಎಲ್ಲ ರಿಂಗುಗಳ ಮೂಲಕ ಹಾಯಬೇಕು. ಗಂಟು ಸಣ್ಣಗಿರಬೇಕು ಅನ್ನುವುದು ಇದಕ್ಕೇ.

ನಾನು ನಂಬಿದ್ದು ಎಫ್‌ಜಿ ಗಂಟು. ಇದರಲ್ಲಿ ಲೀಡರ್ ಮಡಚುವುದಿಲ್ಲ. ಬ್ರೇಡ್ ಅದರ ಮೈಮೇಲೆ ಜಡೆಯ ಹಾಗೆ ಹೆಣೆದುಕೊಂಡು ಕಚ್ಚಿ ಹಿಡಿಯುತ್ತದೆ. ಬ್ರೇಡನ್ನು ಬಿಗಿಯಾಗಿ ಎಳೆದಿಟ್ಟು, ಲೀಡರನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ದಾಟಿಸುತ್ತಾ 20 ಸಲ ಹೆಣೆಯುತ್ತೇನೆ. ನಡುವೆ ಬ್ರೇಡ್ ಸಡಿಲ ಬಿಟ್ಟರೆ ಮುಗಿಯಿತು, ಮತ್ತೆ ಮೊದಲಿಂದ. ಹೆಣಿಗೆ ಮುಗಿದ ಮೇಲೆ ಒಂದು ಅರ್ಧಗಂಟು ಹಾಕಿ, ಒದ್ದೆ ಮಾಡಿ, ಬಟ್ಟೆ ಸುತ್ತಿದ ಕೈಯಿಂದ ಜೋರಾಗಿ ಎಳೆಯಬೇಕು. ನಾನು ಬಹಳ ದಿನ ಸೋತದ್ದು ಇಲ್ಲೇ. ಮೆಲ್ಲಗೆ ಎಳೆದು, ಸಾಕು ಅಂದುಕೊಂಡು ಮೇಲೆ ಅರ್ಧಗಂಟು ಪೇರಿಸುತ್ತಿದ್ದೆ. ಹೆಣಿಗೆ ಸರಿಯಾಗಿ ಕೂತರೆ ಬ್ರೇಡಿನ ಬಣ್ಣ ಅಲ್ಲಿ ಗಾಢವಾಗುತ್ತದೆ, ಬೆರಳಿಗೆ ಗಟ್ಟಿ ಅನಿಸುತ್ತದೆ. ಬಣ್ಣ ಬದಲಾಗದಿದ್ದರೆ ಅದು ಗಂಟೇ ಅಲ್ಲ, ಸುಮ್ನೆ ಸುತ್ತಿದ ದಾರ. ಬಣ್ಣ ನೋಡಿದ ಮೇಲೆ ಐದಾರು ಅರ್ಧಗಂಟು ಹಾಕಿ, ಲೀಡರ್ ತುದಿ ಕತ್ತರಿಸಿ, ಬರೀ ಬ್ರೇಡ್ ಮೇಲೆ ಇನ್ನೆರಡು ಮೂರು ಹಾಕುತ್ತೇನೆ. ಲೈಟರ್ ಮಾತ್ರ ಹತ್ತಿರ ತರಬೇಡಿ. ಬ್ರೇಡ್ ಬೇಗ ಕರಗುತ್ತದೆ.

ಇದೆಲ್ಲ ಮನೆಯಲ್ಲಿ, ಒಳ್ಳೆ ಬೆಳಕಿನಲ್ಲಿ. ಕತ್ತಲು, ಗಾಳಿ, ಒದ್ದೆ ಕೈ ಇದ್ದಾಗ ಎಫ್‌ಜಿ ನನ್ನಿಂದ ಆಗುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಆಗ ಡಬಲ್ ಯುನಿ, ಅಂದರೆ ಎರಡೂ ದಾರ ಒಂದಕ್ಕೊಂದು ಸುತ್ತಿ ಕಟ್ಟುವ ಜೋಡಿ ಗಂಟು: ಬ್ರೇಡಿನಲ್ಲಿ ಎಂಟು ಸುತ್ತು, ಮಾನೋದಲ್ಲಿ ನಾಲ್ಕು. ಗಂಟು ಉಬ್ಬುತ್ತದೆ, ರಿಂಗಿಗೆ ತಾಗುತ್ತದೆ. ಆದ್ದರಿಂದ ಆ ದಿನ ಜಾಸ್ತಿ ಬಲ ಹಾಕಿ ಬೀಸುವುದಿಲ್ಲ.

ಲೀಡರಿನ ಇನ್ನೊಂದು ತುದಿಯಲ್ಲಿ ತಲೆನೋವಿಲ್ಲ. ಗಟ್ಟಿ ಸ್ನ್ಯಾಪ್ (ತೆರೆದು ಮುಚ್ಚುವ ಕೊಕ್ಕೆ) ಇರುವ ಸ್ವಿವೆಲ್, ಅಂದರೆ ತಿರುಗುವ ಲೋಹದ ಕೊಂಡಿ ಕಟ್ಟಿ, ರಿಗ್ಗುಗಳನ್ನು (ಗಾಳ ಕಟ್ಟಿದ ದಾರದ ಜೋಡಣೆ) ಮೊದಲೇ ಮಾಡಿಟ್ಟುಕೊಂಡು ಸಿಕ್ಕಿಸುತ್ತೇನೆ. ಗುಂಡು ಜಾರುವ ರಿಗ್ ಬೇಕಾದರೆ, ಸ್ವಿವೆಲ್ ಕಟ್ಟುವ ಮೊದಲೇ ಗುಂಡಿನ ಕ್ಲಿಪ್ಪನ್ನೂ ಒಂದು ಮಣಿಯನ್ನೂ ಲೀಡರಿಗೆ ಪೋಣಿಸಬೇಕು. ಮಣಿ ಇಲ್ಲದಿದ್ದರೆ ಕ್ಲಿಪ್ ಗಂಟಿಗೆ ಬಡಿದು ಬಡಿದು ಅದನ್ನು ಸವೆಸುತ್ತದೆ. ರಿಗ್ಗಿನಲ್ಲಿ ಗಾಳ ಕಟ್ಟಿದ ತುಂಡು ದಾರ ಬ್ರೇಡಿಗಿಂತ ಕಡಿಮೆ ಬಲದ್ದು. ಗಾಳ ಕಲ್ಲಿಗೆ ಸಿಕ್ಕಿಕೊಂಡರೆ ಅದೊಂದೇ ಹೋಗಲಿ ಅಂತ. ಗುಂಡೇ ಸಿಕ್ಕಿಕೊಂಡರೆ ಬ್ರೇಡನ್ನು ಒಂದು ಕೋಲಿಗೆ ಸುತ್ತಿ ಎಳೆಯುತ್ತೇನೆ. ಒಮ್ಮೆ ಬರಿಗೈಗೆ ಸುತ್ತಿ ಎಳೆದದ್ದರ ಗುರುತು ಅಂಗೈಯಲ್ಲಿ ಇನ್ನೂ ಇದೆ.